ಅಕ್ಕನ ಹೊಟ್ಟೆಗೆ ಅರ್ಧ ಚಮಚ ನಾರು

ಮಾರ್ಚ್ 3

ಮಾನ್ಯ ಅಕ್ಕನವರಿಗೆ,
ಗೇಟ್ ಕಚೇರಿ, ಬಂದರು.

ವಿಷಯ: ತಮ್ಮ ಹೊಟ್ಟೆಯೊಳಕ್ಕೆ ಕರಗದ ನಾರಿನ ಹಂತಹಂತದ ಮರುಪ್ರವೇಶದ ಬಗ್ಗೆ.
ಉಲ್ಲೇಖ: ಭಾನುವಾರ ಅಮ್ಮ ಫೋನಿನಲ್ಲಿ ಕಿರುಚಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ತಾವು ಕಳೆದ ಎರಡು ವರ್ಷಗಳಿಂದ ಬಿಳಿ ಅನ್ನ, ಸಿಪ್ಪೆ ತೆಗೆದ ಆಲೂಗಡ್ಡೆ ಮತ್ತು ಮೌನ, ಈ ಮೂರನ್ನೇ ಸೇವಿಸುತ್ತಾ ಬಂದಿರುವುದು ಈ ಆಯೋಗದ ಗಮನಕ್ಕೆ ಬಂದಿದೆ. ತಮ್ಮ ತೂಕ ಒಂಬತ್ತು ಕಿಲೋ ಇಳಿದಿದೆ. ಹೊಸ ಡಯಟಿಶಿಯನ್ ಅವರು ತಮಗೆ ತರಕಾರಿ ತಿನ್ನಲು ಆದೇಶಿಸಿದ್ದು, ತಾವು ಮುಖ ಗಂಟಿಕ್ಕಿಕೊಂಡು ಮನೆಗೆ ಬಂದಿರುತ್ತೀರಿ. ಪ್ರಗತಿ ವರದಿಯನ್ನು ಕೂಡಲೇ ಸಲ್ಲಿಸತಕ್ಕದ್ದು.

ಆಯೋಗ ಅಂದರೆ ಯಾರು ಅಂತ ಕೇಳಬೇಡ. ಅಧ್ಯಕ್ಷ, ಕಾರ್ಯದರ್ಶಿ, ಟೀ ತರುವವ, ಎಲ್ಲ ನಾನೇ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಹೊಟ್ಟೆ ವಿಷಯ ಫೋನಿನಲ್ಲಿ ತೆಗೆದರೆ ಪಕ್ಕದ ಕೋಣೆಯಿಂದ ಅಮ್ಮನೇ ಉತ್ತರ ಕೊಡ್ತಾಳೆ, ಅದೂ ಬಣ್ಣದ ಸಮೇತ.

ನಾನು ಕ್ಷೇಮ. ಕಟ್ಟಿಸಿಕೊಳ್ಳೋ ಹಲ್ಲು ಮಾಡುವ ವಿದ್ಯೆಯಲ್ಲಿ ಇದು ಏಳನೇ ತಿಂಗಳು. ದಿನಾ ಬೆಳಗ್ಗೆ ಯಾರದೋ ಬಾಯಿಯ ಅಚ್ಚು ಬರುತ್ತೆ, ಅದಕ್ಕೆ ಮೇಣದಲ್ಲಿ ವಸಡು ಕಟ್ಟಿ ಒಂದೊಂದೇ ಹಲ್ಲು ಕೂರಿಸ್ತೀನಿ. ಹೋದ ವಾರ ಯಜಮಾನರ ಟೀ ಕಪ್ಪಿನ ಅಂಚಿಗೆ ಒಂದು ಮೇಣದ ದವಡೆ ಕಚ್ಚಿಸಿಟ್ಟಿದ್ದೆ. ಅವರು ಅದನ್ನ ಬಿಡಿಸಿ, ಬೆಳಕಿಗೆ ಹಿಡಿದು, "ಎಡಗಡೆ ಕೋರೆಹಲ್ಲು ಓರೆ" ಅಂದು ಟೀ ಕುಡಿದರು. ಇಂಥವರ ಕೈಕೆಳಗೆ ಕೀಟಲೆ ಮಾಡಿ ಬದುಕೋದು ಕಷ್ಟ ಕಣೇ.

ತಮ್ಮ ವಿಶ್ವಾಸಿ,
ಅಧ್ಯಕ್ಷರು, ಹೊಟ್ಟೆ ವ್ಯವಹಾರಗಳ ಆಯೋಗ


ಮಾರ್ಚ್ 11

ಕೋತಿ,

ನಿನ್ನ ಆಯೋಗದ ಕಾಗದ ಕಚೇರಿಗೇ ಬಂತು. ಲಕೋಟೆ ಮೇಲೆ "ಅತಿ ಗೋಪ್ಯ: ಹೊಟ್ಟೆ" ಅಂತ ಯಾಕೋ ಬರೆದೆ? ಚೀಟಿ ಹಾಕಿಸಿಕೊಳ್ಳೋಕೆ ನಿಂತಿದ್ದ ಲಾರಿ ಡ್ರೈವರ್ ಒಬ್ಬ ಅದನ್ನ ಜೋರಾಗಿ ಓದಿ, "ಮೇಡಂ, ಇದು ಯಾವ ಇಲಾಖೆ?" ಅಂತ ಕೇಳಿದ. ಇನ್ನು ಮೇಲೆ ಮನೆಗೆ ಕಳಿಸು.

ವರದಿ ಬೇಕಾ? ತಗೋ. ಕರಗದ ನಾರು ಅಂದರೆ ಸಿಪ್ಪೆ, ತೌಡು, ಬೀಜ, ದಂಟು. ನೀರಲ್ಲಿ ಕರಗದೆ ಒಳಗೆಲ್ಲ ಪೊರಕೆ ಆಡಿಸಿಕೊಂಡು ಹೋಗುತ್ತಂತೆ. ನನ್ನ ಕರುಳಿಗೆ ಗಾಯ ಇಲ್ಲ, ಹುಣ್ಣಿಲ್ಲ. ಐಬಿಎಸ್ ಅಂದರೆ ಮುಟ್ಟಿದ್ದಕ್ಕೆಲ್ಲ ಕಿರುಚೋ ಸ್ವಭಾವ, ಅಷ್ಟೇ. "ಎಲ್ಲಾನೂ ಹೊರಗಿಟ್ಟರೆ ಅದು ಇನ್ನೂ ಹೆದರುತ್ತೆ. ಅರ್ಧ ಚಮಚದಿಂದ ಶುರು ಮಾಡಿ" ಅಂದರು ಡಯಟಿಶಿಯನ್. ಒಂದು ಸಲಕ್ಕೆ ಒಂದೇ ತರಕಾರಿ. ಸಿಪ್ಪೆ ತೆಗೆದು, ಚೆನ್ನಾಗಿ ಬೇಯಿಸಿ, ಹಿಸುಕಿ. ಬರೀ ಹೊಟ್ಟೆಗೆ ಬೇಡ. ಮೂರು ದಿನ ಕಾದು, ಏನಾಯ್ತು ಅಂತ ಪುಸ್ತಕದಲ್ಲಿ ಬರೆದು, ಆಮೇಲೆ ಮುಂದಕ್ಕೆ.

ಇದಕ್ಕೆಲ್ಲ ತಳಪಾಯ ಬೆಳಗಿನ ಓಟ್ಸ್ ಗಂಜಿಯಂತೆ. ಅದರಲ್ಲಿರೋದು ಹೆಚ್ಚಾಗಿ ಕರಗೋ ನಾರು, ಹೊಟ್ಟೆಗೆ ಹಾಸಿಗೆ ಹಾಸಿದ ಹಾಗೆ. ನಾನು ಓಟ್ಸ್ ಮುಟ್ಟಲ್ಲ ಅಂದೆ. ಯಾಕೆ ಅಂದರು. ಹೇಳೋಕಾಗಲಿಲ್ಲ. ನಿನಗಾದರೆ ಬರೀಬಹುದು.

ಎರಡು ವರ್ಷದ ಹಿಂದಿನ ಆ ದಿನ. ಕ್ರೇನಿನಲ್ಲಿ ನನ್ನ ಮೊದಲ ಒಂಟಿ ಪಾಳಿ ಅವತ್ತು. ಹಳೇ ಕ್ರೇನು, ಲಿಫ್ಟ್ ಇಲ್ಲ. ನೆಲದಿಂದ ನಲವತ್ತು ಮೀಟರ್ ಮೇಲೆ ಒಂದು ಗಾಜಿನ ಗೂಡು, ಅಲ್ಲಿಗೆ ಏಳು ಏಣಿ. ಹತ್ತು ಗಂಟೆ ಹೊತ್ತಿಗೆ ಹೊಟ್ಟೆ ತಿರುಚೋಕೆ ಶುರುವಾಯ್ತು. ಆಗ ಕಂಟೇನರ್ ಒಂದು ಗಾಳಿಯಲ್ಲಿ ನೇತಾಡ್ತಿತ್ತು. ಅದನ್ನ ಹಡಗಿನ ಮೇಲೆ ಸರಿಯಾಗಿ ಕೂರಿಸಿ, ರೇಡಿಯೋದಲ್ಲಿ ಹೇಳಿ, ಇಳಿಯೋಕೆ ಶುರು ಮಾಡಿದೆ. ಆರನೇ ಏಣಿವರೆಗೆ ತಡೆದೆ. ಏಳನೆಯದಕ್ಕೆ ಆಗಲಿಲ್ಲ. ಕೆಳಗೆ ಹನ್ನೊಂದು ಜನ ನಿಂತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು.

ಅವತ್ತು ಬೆಳಗ್ಗೆ ನಾನು ತಿಂದಿದ್ದು ಓಟ್ಸ್ ಗಂಜಿ ಒಂದೇ, ನೀನು ಮಾಡಿಕೊಟ್ಟಿದ್ದು. ವರ್ಷಗಟ್ಟಲೆ ಏನೂ ಮಾಡದ ಗಂಜಿ. ಅದೇ ಕೈಕೊಟ್ಟಿತು ಅಂದಮೇಲೆ ಎರಡರಲ್ಲಿ ಒಂದು: ನನಗೆ ಓಟ್ಸೂ ಆಗಲ್ಲ, ಇಲ್ಲಾ ಆ ಎತ್ತರ ಆಗಲ್ಲ. ಯಾವುದು ಅಂತ ಗೊತ್ತಾಗದೆ ಎರಡನ್ನೂ ಬಿಟ್ಟು ಈ ಗೇಟ್ ಕಚೇರಿಗೆ ಬಂದು ಕೂತೆ.

ಕ್ರೇನ್ ಮೇಸ್ತ್ರಿ ಮೊನ್ನೆ ಬಂದು, "ಆಗಸ್ಟಿಂದ ನಿನ್ನ ಹಳೇ ನಾಲ್ಕನೇ ಕ್ರೇನಿಗೆ ಜನ ಬೇಕು. ಜುಲೈ ಮುಗಿಯೋದರೊಳಗೆ ಹೇಳಮ್ಮ" ಅಂದರು. ಇಲ್ಲ ಅಂತಲೇ ಹೇಳೋದು. ಇಲ್ಲಿ ಕಿಟಕಿ ಪಕ್ಕ ಕೂತರೆ ಅದರ ತೋಳು ಕಾಣುತ್ತೆ. ಅಷ್ಟು ಸಾಕು.

ಅಕ್ಕ


ಮಾರ್ಚ್ 19

ಮಾನ್ಯರೇ,

ತಮ್ಮ ವರದಿ ತಲುಪಿದೆ. ಆಯೋಗವು ತುರ್ತು ಸಭೆ ಸೇರಿ (ಹಾಜರಿ: ಒಬ್ಬರು) ಕೆಳಕಂಡ ನಿರ್ಣಯಗಳನ್ನು ಸರ್ವಾನುಮತದಿಂದ ಅಂಗೀಕರಿಸಿದೆ.

ಮೊದಲನೆಯದಾಗಿ, ಅಕ್ಕನವರು ತಿನ್ನುವುದನ್ನೇ ಅಧ್ಯಕ್ಷರೂ ತಿನ್ನತಕ್ಕದ್ದು. ತಮಗೆ ಕ್ಯಾರೆಟ್ ಬಂದ ದಿನವೇ ಅವರಿಗೂ ಕ್ಯಾರೆಟ್. ಈಗಾಗಲೇ ಐದು ದಿನ ಆಯ್ತು. ಬಿಳಿ ಅನ್ನ, ಆಲೂಗಡ್ಡೆ, ಮತ್ತೆ ಬಿಳಿ ಅನ್ನ. ಅಕ್ಕ, ನೀನು ಇದನ್ನ ಎರಡು ವರ್ಷ ತಿಂದೆಯಾ? ನಿನ್ನೆ ಮಧ್ಯಾಹ್ನ ಪಕ್ಕದ ಬೆಂಚಿನವನು ಟೊಮೆಟೊ ಕಚ್ಚಿದ. ಆ ಸಿಪ್ಪೆ ಹರಿದ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅವನು, "ಯಾರಾದ್ರೂ ಹೋಗ್ಬಿಟ್ರಾ?" ಅಂತ ಕೇಳಿದ.

ಎರಡನೆಯದಾಗಿ, ಅಗಿಯುವಿಕೆಯ ಕುರಿತು ವೈಜ್ಞಾನಿಕ ಸಂಶೋಧನೆ. ನಮ್ಮಲ್ಲಿ ಹಲ್ಲಿನ ಸೆಟ್ಟು ಸರಿಯಾಗಿ ಕೂತಿದೆಯಾ ಅಂತ ನೋಡೋಕೆ ಕಬ್ಬಿಣದ ಕೀಲು ಇರೋ ಒಂದು ಉಪಕರಣ ಇದೆ. ಮೇಲಿನ ದವಡೆ, ಕೆಳಗಿನ ದವಡೆ ಸಿಕ್ಕಿಸಿ ಕೈಯಲ್ಲಿ ಆಡಿಸಿದರೆ ಥೇಟ್ ಮನುಷ್ಯನ ಹಾಗೆ ಅಗಿಯುತ್ತೆ. ಯಜಮಾನರು ಊಟಕ್ಕೆ ಹೋದಾಗ ಅದಕ್ಕೆ ತರಕಾರಿ ತಿನ್ನಿಸಿದೆ. ಒಂದು ತುಂಡು ನುಣ್ಣಗಾಗೋಕೆ ಎಷ್ಟು ಸಲ ಅಗಿಯಬೇಕು ಅಂತ ಎಣಿಸಿದ್ದೀನಿ: ಬೆಂದ ಕ್ಯಾರೆಟ್ ಹನ್ನೊಂದು, ಹಸಿ ಕ್ಯಾರೆಟ್ ನಲವತ್ತಾರು, ಬೆಂದ ಬಟಾಣಿ ಇಪ್ಪತ್ತು, ಸೇಬಿನ ಸಿಪ್ಪೆ ಅರವತ್ತಾದರೂ ಜಗ್ಗಲಿಲ್ಲ. ಪೂರ್ತಿ ಪಟ್ಟಿ ಸಹಿ ಮಾಡಿ ಲಗತ್ತಿಸಿದೆ. ಯಜಮಾನರು ಬಂದು ಬೆಂಚಿನ ಮೇಲಿದ್ದ ಬಟಾಣಿ ಸಿಪ್ಪೆ ನೋಡಿ, "ಇದು ಯಾವ ರೋಗಿ?" ಅಂದರು. "ನಮ್ಮಕ್ಕ ಸಾರ್" ಅಂದೆ. ಬೆಂಚು ಒರೆಸೋಕೆ ಒಂದು ಬಟ್ಟೆ ಕೊಟ್ಟು ಹೋದರು.

ಓಟ್ಸ್ ವಿಷಯವು ಈ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ.

ತಮ್ಮ ವಿಶ್ವಾಸಿ,
ಅಧ್ಯಕ್ಷರು (ಹಸಿದವರು)


ಏಪ್ರಿಲ್ 22

ಕೋತಿ,

ನಿನ್ನ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೀನಿ. ಅಮ್ಮ ಊಟಕ್ಕೆ ಕೂತಾಗ ನನ್ನ ಬಾಯನ್ನೇ ನೋಡ್ತಾ ಜೋರಾಗಿ ಎಣಿಸ್ತಾಳೆ. "ಏಳಾಯ್ತು, ಇನ್ನೂ ನಾಲ್ಕಿದೆ, ನುಂಗಬೇಡ!" ನಾನು ಎರಡು ವರ್ಷದ ಮಗು ಅನ್ನೋ ಹಾಗೆ.

ಕ್ಯಾರೆಟ್ ಅರ್ಧ ಚಮಚ, ಅನ್ನದ ನಡುವೆ ಮುಚ್ಚಿಟ್ಟುಕೊಂಡು ತಿಂದೆ. ತಿಂದಾದ ಮೇಲೆ ಬಚ್ಚಲಮನೆ ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಎರಡು ಗಂಟೆ ಕೂತಿದ್ದೆ, ಬಸ್ಸಿಗೆ ಕಾಯೋರ ಥರ. ಬಸ್ಸು ಬರಲಿಲ್ಲ. ಮೂರು ದಿನ ಬಿಟ್ಟು ಒಂದು ಚಮಚ. ಆಮೇಲೆ ಎರಡು. ಆಮೇಲೆ ಬೀನ್ಸ್, ನಾರು ಎಳೆದು, ಸಣ್ಣಗೆ ಹೆಚ್ಚಿ. ಸರಿ ಹೋಯ್ತು. ಬಟಾಣಿ ಹತ್ತಿರ ಎಡವಿದೆ. ರುಚಿ ಇತ್ತು ಕಣೋ, ಒಂದು ಚಮಚಕ್ಕೆ ನಿಲ್ಲಿಸೋಕಾಗಲಿಲ್ಲ, ಅರ್ಧ ಬಟ್ಟಲು ತಿಂದುಬಿಟ್ಟೆ. ಮರುದಿನ ಕಚೇರಿಗೆ ರಜೆ. ಬಿಸಿನೀರಿನ ಚೀಲ ಹೊಟ್ಟೆ ಮೇಲಿಟ್ಟುಕೊಂಡು ಗೋಡೆ ನೋಡಿದೆ. ಡಯಟಿಶಿಯನ್ ಬೈತಾರೆ ಅಂದುಕೊಂಡರೆ, "ಒಳ್ಳೇದಾಯ್ತು, ಎಲ್ಲಿ ನಿಲ್ಲಬೇಕು ಅಂತ ಗೊತ್ತಾಯ್ತಲ್ಲ. ಒಂದು ವಾರ ಬಿಟ್ಟು ಮತ್ತೆ ಅರ್ಧ ಚಮಚ" ಅಂದರು. ಬಿದ್ದವರನ್ನ ಬೈಯದೇ ಎತ್ತೋ ಡಾಕ್ಟರನ್ನ ನಾನು ಇದೇ ಮೊದಲು ನೋಡಿದ್ದು.

ಆದರೆ ಅವರು ಮತ್ತೆ ಓಟ್ಸ್ ಹತ್ತಿರ ಬಂದರು. ನಾನು ಆ ದಿನದ್ದು ಹೇಳಿದೆ. ಹೌದು, ಹೇಳಿದೆ, ಬಾಗಿಲು ಹಾಕಿಸಿ. ದಿನಾ ಏನು ತಿಂದೆ ಅಂತ ನಾನು ಬರೆದಿಡ್ತಿದ್ದ ಹಳೇ ಪುಸ್ತಕವನ್ನ ಅವರು ತಿರುಗಿಸಿ ನೋಡಿ, "ನಾಲ್ಕು ವರ್ಷ ಸುಮ್ಮನಿದ್ದ ಗಂಜಿ ಒಂದೇ ದಿನಕ್ಕೆ ಯಾಕೆ ತಿರುಗಿಬಿತ್ತು? ನನಗಿದು ಅರ್ಥ ಆಗ್ತಿಲ್ಲ" ಅಂದರು. ನನಗೂ ಆಗಿಲ್ಲ.

ಒಂದು ಕೇಳ್ತೀನಿ. ಹೋದ ಕಾಗದದಲ್ಲಿ ನೀನು ಟೊಮೆಟೊ ಸಿಪ್ಪೆ ಬಗ್ಗೆ ಅಷ್ಟುದ್ದ ಬರೆದೆ, ಗಂಜಿ ಬಗ್ಗೆ ಒಂದೇ ಸಾಲು. ನಿನ್ನ ಅಡುಗೆಯನ್ನ ದೂರಿದೆ ಅಂತ ಬೇಜಾರಾ? ನಾನು ಹಾಗೆ ಹೇಳಿದ್ದಲ್ಲ ಮಾರಾಯ. ಅವತ್ತು ನನಗಿಂತ ಮುಂಚೆ ಎದ್ದು ಒಲೆ ಹಚ್ಚಿದವನು ನೀನು. ಅದನ್ನ ನಾನು ಮರೆತಿಲ್ಲ.

ಅಕ್ಕ


ಮೇ 2

ಅಕ್ಕ,

ವಿಷಯ, ಉಲ್ಲೇಖ ಅಂತ ಶುರು ಮಾಡಿ ನಾಲ್ಕು ಕಾಗದ ಹರಿದೆ. ಹಾಗೆ ಬರೆದರೆ ಎಲ್ಲಾನೂ ತಮಾಷೆಯಾಗಿ ಕಾಣುತ್ತೆ. ಇದು ಅಲ್ಲ.

ನಿನ್ನ ಗಂಜಿಗೆ ಗೋಧಿ ತೌಡು ಹಾಕಿದ್ದು ನಾನು.

ಮಿಕ್ಸಿಯಲ್ಲಿ ಹಿಟ್ಟಿನ ಹಾಗೆ ಪುಡಿ ಮಾಡಿ, ಬಾಳೆಹಣ್ಣು ಹಿಸುಕಿ ಸೇರಿಸಿದೆ, ನಾಲಿಗೆಗೆ ಗೊತ್ತಾಗದಿರಲಿ ಅಂತ. ಹಿಂದಿನ ದಿನ ಒಂದು ಚಮಚ ಹಾಕಿದ್ದೆ. ನೀನು ಏನೂ ಹೇಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಅವತ್ತು ಬೆಳಗ್ಗೆ ಮೂರು ದೊಡ್ಡ ಚಮಚ ಹಾಕಿದೆ. ನಿನಗಿಂತ ಮುಂಚೆ ಎದ್ದಿದ್ದು ಅದಕ್ಕೆ.

ಎಲ್ಲ ನಿನ್ನ ಮನಸ್ಸಿನದ್ದು ಅಂತ ನಂಬಿದ್ದೆ. ಎಲ್ಲಿ ಹೋದರೂ ನೀನು ಮೊದಲು ಶೌಚಾಲಯ ಎಲ್ಲಿದೆ ಅಂತ ನೋಡೋದು, ಸಿನಿಮಾಕ್ಕೆ ಹೋದರೆ ಬಾಗಿಲ ಪಕ್ಕದ ಸೀಟೇ ಬೇಕು ಅನ್ನೋದು, ನನಗೆ ನಾಟಕ ಅನ್ನಿಸ್ತಿತ್ತು. ಗೊತ್ತಿಲ್ಲದೇ ತಿಂದರೆ ಏನೂ ಆಗಲ್ಲ ಅಂತ ತೋರಿಸಬೇಕಿತ್ತು. ಸಂಜೆ ಊಟದ ಹೊತ್ತಿಗೆ ಎಲ್ಲರೆದುರು ಘೋಷಣೆ ಮಾಡೋದು ಅಂತ ಒಂದು ಪ್ರಮಾಣಪತ್ರ ಬರೆದಿಟ್ಟಿದ್ದೆ. "ಈ ಮೂಲಕ ಪ್ರಮಾಣೀಕರಿಸುವುದೇನೆಂದರೆ, ಸದರಿ ಅಕ್ಕನವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ." ಆಲೂಗಡ್ಡೆ ಕೊರೆದು ಮೊಹರು ಸಹ ಒತ್ತಿದ್ದೆ.

ನೀನು ಬೇರೆ ಯಾರದೋ ಪ್ಯಾಂಟು ಹಾಕಿಕೊಂಡು ಮಧ್ಯಾಹ್ನವೇ ಮನೆಗೆ ಬಂದೆ. ನೇರ ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡೆ, ಅಳು ಕೇಳಿಸದಿರಲಿ ಅಂತ. ಕೇಳಿಸ್ತಿತ್ತು. ನಾನು ಬಾಗಿಲ ಹೊರಗೆ ನಿಂತಿದ್ದೆ, ಆ ಕಾಗದ ಜೇಬಲ್ಲಿತ್ತು.

ಅವತ್ತೇ ಹೇಳಬೇಕಿತ್ತು. ನೀನು ಮತ್ತೆ ಕ್ರೇನ್ ಹತ್ತಿದ ಮೇಲೆ ಹೇಳೋಣ ಅಂದುಕೊಂಡೆ. ನೀನು ಹತ್ತಲಿಲ್ಲ. ಒಂದೊಂದು ದಿನ ಹೋದ ಹಾಗೂ ಹೇಳೋದು ಇನ್ನೂ ಕಷ್ಟ ಆಯ್ತು. ಆಮೇಲೆ ಇಷ್ಟು ದೂರದ ಕೆಲಸ ಹುಡುಕಿಕೊಂಡೆ.

ಓಟ್ಸ್‌ದು ತಪ್ಪಿಲ್ಲ ಅಕ್ಕ. ಎತ್ತರದ್ದೂ ತಪ್ಪಿಲ್ಲ. ಆ ದಿನದ ಪುಟದಲ್ಲಿ "ಓಟ್ಸ್" ಅಂತ ಇರೋ ಕಡೆ ಹೊಡೆದುಹಾಕಿ "ತಮ್ಮ" ಅಂತ ಬರಿ. ಡಯಟಿಶಿಯನ್‌ಗೂ ತೋರಿಸು, ಅವರಿಗೆ ಅರ್ಥ ಆಗಲಿ.

ಉತ್ತರ ಬರೀಲೇಬೇಕು ಅಂತಿಲ್ಲ.

ತಮ್ಮ


ಮೇ 30

ಮಗನೇ,

ನೀನು ಏನು ಬರೆದೆಯೋ ನನಗೆ ಗೊತ್ತಿಲ್ಲ, ಅವಳು ತೋರಿಸಲಿಲ್ಲ. ಏನಾಯ್ತೇ ಅಂದರೆ "ಏನಿಲ್ಲ" ಅಂತಾಳೆ. ಏನಿಲ್ಲ ಅಂದರೆ ಏನೋ ಇದೆ ಅಂತ ನಿಮ್ಮಿಬ್ಬರನ್ನ ಹೆತ್ತವಳಿಗೆ ಗೊತ್ತಾಗಲ್ವಾ?

ನಿನ್ನ ಹಲ್ಲಿನ ಪಟ್ಟೀನ ಫ್ರಿಜ್ಜಿಂದ ಕಿತ್ತು ಬಿಸಾಕಿದಳು. ಮರುದಿನ ತೆಗೆದು, ನೀವಿ, ಮತ್ತೆ ಅಂಟಿಸಿದಳು. ನಿನ್ನ ಸಹಿ ಇದ್ದ ಜಾಗ ಮಾತ್ರ ಕತ್ತರಿಸಿಬಿಟ್ಟಿದ್ದಾಳೆ. ಕ್ಯಾರೆಟ್ಟು, ಬೀನ್ಸು ಎಲ್ಲ ನಡೀತಿದೆ, ಈಗ ಕುಂಬಳಕಾಯಿ. ನನ್ನನ್ನ ಎಣಿಸಬೇಡ ಅಂದಿದ್ದಾಳೆ. ಮನಸ್ಸಲ್ಲೇ ಎಣಿಸ್ತೀನಿ.

ಅಂಗಡಿಯಿಂದ ಓಟ್ಸ್ ಡಬ್ಬ ತಂದಿದ್ದಾಳೆ. ತಂದು ಹನ್ನೆರಡು ದಿನ ಆಯ್ತು. ಮುಚ್ಚಳ ತೆಗೆದಿಲ್ಲ. ಅಡುಗೆಮನೆ ಕಟ್ಟೆ ಒರೆಸುವಾಗ ಅದನ್ನೂ ಎತ್ತಿ ಒರೆಸಿ ಅಲ್ಲೇ ಇಡ್ತಾಳೆ.

ನೀನು ಹೊಟ್ಟೆತುಂಬ ತಿನ್ನು. ನೀನೂ ಪಥ್ಯ ಮಾಡ್ತಿದ್ದೀಯಂತೆ, ಯಾವ ಕರ್ಮಕ್ಕೆ?

ಅಮ್ಮ


ಜೂನ್ 29

ತಮ್ಮ,

ಇದು ಮೂರನೇ ಕಾಗದ. ಮೊದಲೆರಡರಲ್ಲಿ ಬರೀ ಬೈಗುಳ ಇದೆ. ಹರಿದಿಲ್ಲ, ಎತ್ತಿಟ್ಟಿದ್ದೀನಿ. ಬೇಕು ಅನ್ನಿಸಿದ ದಿನ ಕಳಿಸ್ತೀನಿ.

ಕಂಟೇನರ್ ತೂಕ ಇಪ್ಪತ್ತೆಂಟು ಟನ್ನು ಕಣೋ. ಕೆಳಗೆ ಜನ ಓಡಾಡ್ತಿದ್ದರು. ನನ್ನ ಕೈ ನಡುಗಿದ್ದರೆ? ಇದನ್ನ ನೀನು ಯೋಚಿಸಿರಲಿಲ್ಲ ಅಂತ ನನಗೆ ಗೊತ್ತು. ಯೋಚಿಸದೇ ಇದ್ದದ್ದೇ ನನ್ನ ಸಿಟ್ಟು. ನಾನು ಎರಡು ವರ್ಷ ನನ್ನ ಮೈಯನ್ನೇ ಅನುಮಾನಿಸಿದೆ. ಅದು ಸುಳ್ಳು ಹೇಳುತ್ತೆ, ಸಮಯ ನೋಡಿ ಕೈಕೊಡುತ್ತೆ ಅಂದುಕೊಂಡಿದ್ದೆ. ಪಾಪ, ಅದು ನಿಜವನ್ನೇ ಹೇಳಿತ್ತು. ತೌಡು ಬಂದಿದೆ ಅಂತ ಹೇಳ್ತಿತ್ತು, ಅಷ್ಟೇ.

ಓಟ್ಸ್ ಡಬ್ಬ ತಂದಿಟ್ಟಿದ್ದೆ, ಕೊನೆಗೂ ಮುಚ್ಚಳ ತೆಗೆದೆ. ಒಂದು ಭಾನುವಾರ, ಅಮ್ಮ ಹೊರಗೆ ಹೋಗಿದ್ದಾಗ, ಅರ್ಧ ಬಟ್ಟಲು ಗಂಜಿ ಮಾಡಿಕೊಂಡು ತಿಂದೆ. ಮಧ್ಯಾಹ್ನ ಆಯ್ತು, ಸಂಜೆ ಆಯ್ತು. ಏನೂ ಆಗಲಿಲ್ಲ. ಅಮ್ಮ ಬಂದಾಗ ನಾನು ಅಳ್ತಾ ಕೂತಿದ್ದೆ. ನೋವಾ ಅಂತ ಗಾಬರಿ ಬಿದ್ದಳು. ನೋವಿಲ್ಲಮ್ಮ, ಅದಕ್ಕೇ ಅಂದೆ.

ಡಯಟಿಶಿಯನ್‌ಗೆ ನಿನ್ನ ಕಾಗದ ತೋರಿಸಿದೆ. ಓದಿ, ಕನ್ನಡಕ ತೆಗೆದು, "ಮೊದಲ ಪಾಳಿಯ ಗಾಬರಿಯೂ ಸೇರಿರುತ್ತೆ. ಎಲ್ಲ ತೌಡಿನ ಮೇಲೇ ಹಾಕಬೇಡಿ" ಅಂದರು. ಈ ಮಾತನ್ನ ನಿನಗೆ ಹೇಳಲೇಬಾರದು ಅಂತಿದ್ದೆ. ಹೇಳ್ತಿದ್ದೀನಿ.

ಕ್ಷಮಿಸಿದೆ ಅಂತ ಬರೆಯೋಕೆ ಕೈ ಬರ್ತಿಲ್ಲ. ಬರೆದರೆ ಸುಳ್ಳಾಗುತ್ತೆ. ಸದ್ಯಕ್ಕೆ ಇಷ್ಟು: ಕಾಗದ ಬರಿ.

ಅಕ್ಕ


ಜುಲೈ 6

ಅಕ್ಕ,

ಆಯೋಗವನ್ನ ವಿಸರ್ಜಿಸಿದ್ದೀನಿ. ಅಧ್ಯಕ್ಷರು ತಲೆಮರೆಸಿಕೊಂಡಿದ್ದಾರೆ, ಕಾರ್ಯದರ್ಶಿಗೆ ಮುಖವಿಲ್ಲ. ಟೀ ತರುವವನು ಮಾತ್ರ ಉಳಿದಿದ್ದಾನೆ, ಅವನೇ ಇದನ್ನ ಬರೀತಿರೋದು.

ನೀನು ಓಟ್ಸ್ ತಿಂದೆ ಅನ್ನೋ ಸಾಲನ್ನ ಬೆಂಚಿನ ಹತ್ತಿರ ನಿಂತೇ ಓದಿದೆ. ಕೈಯಲ್ಲಿದ್ದ ಮೇಲ್ದವಡೆ ಬಿದ್ದು ಮುಂದಿನ ಹಲ್ಲು ಹಾರಿತು. ಯಜಮಾನರು ಬಂದು, ಕಾಗದ ನೋಡಿ, ನನ್ನ ಮುಖ ನೋಡಿ, "ಹೋಗು, ಮುಖ ತೊಳೆದು ಬಾ, ಹಲ್ಲು ನಾನು ಕೂರಿಸ್ತೀನಿ" ಅಂದರು. ಅಷ್ಟು ಒಳ್ಳೇ ಮನುಷ್ಯ ಅಂತ ಗೊತ್ತಿದ್ದರೆ ಅವರ ಕಪ್ಪಿಗೆ ದವಡೆ ಕಚ್ಚಿಸ್ತಿರಲಿಲ್ಲ. ಸುಳ್ಳು. ಕಚ್ಚಿಸ್ತಿದ್ದೆ.

ಬೈಗುಳದ ಕಾಗದ ಎರಡನ್ನೂ ಕಳಿಸು. ನನಗೆ ಬರಬೇಕಾದ್ದು ಅವು.

ಕ್ರೇನ್ ಮೇಸ್ತ್ರಿಗೆ ಏನು ಹೇಳಿದೆ ಅಂತ ಕೇಳೋ ಹಕ್ಕು ನನಗಿಲ್ಲ. ಕೇಳ್ತಿಲ್ಲ. ದಿನಾ ಅಂಚೆ ಡಬ್ಬ ನೋಡ್ತೀನಿ, ಅಷ್ಟೇ.

ತಮ್ಮ


ಆಗಸ್ಟ್ 24

ಕೋತಿ,

ಬೈಗುಳ ಕಳಿಸಲ್ಲ. ಮೊನ್ನೆ ತೆಗೆದು ಓದಿದೆ, ಅಕ್ಷರ ತಪ್ಪು ಬಹಳ ಇದೆ. ನಿನ್ನ ಕೈಗೆ ಸಿಕ್ಕರೆ ಜನ್ಮವಿಡೀ ಆಡಿಕೊಳ್ತೀಯ.

ಕ್ರೇನ್ ಹತ್ತಿದೆ. ಮೂರು ವಾರ ಆಯ್ತು. ಮೊದಲ ದಿನ ಮೇಸ್ತ್ರಿ ಏಣಿಯ ಕೆಳಗಿನ ಮೆಟ್ಟಿಲನ್ನ ಬಟ್ಟೆಯಲ್ಲಿ ಒರೆಸಿಕೊಟ್ಟರು. ಮೇಲಿನಿಂದ ಗೇಟ್ ಕಚೇರಿ ಕಿಟಕಿ ಹೇಗೆ ಕಾಣುತ್ತೆ ಗೊತ್ತಾ, ಬೆಂಕಿಪೆಟ್ಟಿಗೆ ಹಾಗೆ. ಎರಡು ವರ್ಷ ನಾನು ಅದರೊಳಗೆ ಹೇಗೆ ಹಿಡಿಸಿದೆನೋ.

ಎಲ್ಲ ಸರಿಹೋಯ್ತು ಅಂತ ತಿಳ್ಕೋಬೇಡ. ಎರಡನೇ ವಾರ ಒಂದು ದಿನ ಹೊಟ್ಟೆ ಗುರುಗುಟ್ಟಿತು. ಲೋಡು ಇಳಿಸಿ, ರೇಡಿಯೋದಲ್ಲಿ "ಹದಿನೈದು ನಿಮಿಷ" ಅಂದೆ. ಕೆಳಗಿನಿಂದ "ಆಯ್ತಕ್ಕ" ಅಂತಷ್ಟೇ ಬಂತು. ಏಳೂ ಏಣಿ ಇಳಿದೆ, ಈ ಸಲ ಸಮಯ ಸಾಕಾಯ್ತು. ಮತ್ತೆ ಏಳೂ ಏಣಿ ಹತ್ತಿದೆ. ಹತ್ತುವಾಗ ನಗು ಬಂತು. ಇಷ್ಟೇ ಆಗಿತ್ತಲ್ಲ, ಇಳಿಯೋದು, ಹತ್ತೋದು. ಮೇಲೆ ಕೂತು ಬುತ್ತಿಯಲ್ಲಿದ್ದ ಸೇಬು ತಿಂದೆ. ಎರಡು ತೆಳ್ಳನೆ ಹೋಳುಗಳಲ್ಲಿ ಸಿಪ್ಪೆ ತೆಗೆಯದೆ ಹಾಗೇ ಬಿಟ್ಟಿದ್ದೆ.

ಡಯಟಿಶಿಯನ್ ಈಗ ತಿಂಗಳಿಗೊಮ್ಮೆ ಬಂದರೆ ಸಾಕು ಅಂದಿದ್ದಾರೆ. ತೂಕ ಮೂರು ಕಿಲೋ ಏರಿದೆ. ಹಸಿ ತರಕಾರಿ ಇನ್ನೂ ಆಗಲ್ಲ. ಜೋಳ ಯಾವತ್ತೂ ಆಗದೇ ಇರಬಹುದಂತೆ. ಆಗದಿದ್ದರೆ ಬೇಡ. ನೀನು ಇನ್ನು ಪಥ್ಯ ಬಿಡು, ಅಮ್ಮನ ಗೋಳು ತಡೆಯೋಕಾಗ್ತಿಲ್ಲ.

ಮುಂದಿನ ತಿಂಗಳು ಎರಡು ದಿನ ರಜೆ ಹಾಕಿ ಬಾ. ನನ್ನದು ಬೆಳಗಿನ ಪಾಳಿ, ಏಳಕ್ಕೆ ಕ್ರೇನ್ ಹತ್ತಬೇಕು. ಅದಕ್ಕೆ ಮುಂಚೆ ಗಂಜಿ ನೀನೇ ಮಾಡಿಕೊಡು. ನಡೆದದ್ದನ್ನ ಅಮ್ಮನಿಗೂ ಹೇಳಿದ್ದೀನಿ, ಅವಳು "ನಾನು ಒಲೆ ಪಕ್ಕ ನಿಂತು ನೋಡ್ತಾ ಇರ್ತೀನಿ" ಅಂದಳು. ಬೇಡಮ್ಮ ಅಂದೆ. ಯಾರೂ ನೋಡೋದು ಬೇಡ. ನಾನು ಹೊರಗಿನ ಕೋಣೆಯಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ತಾ ಇರ್ತೀನಿ.

ಅಕ್ಕ